ಎರಡನೇ ಪಟ್ಟೆ

ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, 10 ಗ್ರಾಂ ಅಗರ್. ಬೆಲ್ಲ ಕರಗಿ ಕುದಿ ಬಂದ ಮೇಲೆ ರವೆಯನ್ನು ಗಂಟು ಕಟ್ಟದ ಹಾಗೆ ಕೈಯಾಡಿಸುತ್ತ ಸುರಿಯಬೇಕು. ಇಳಿಸುವ ಹೊತ್ತಿಗೆ, ಬೂಷ್ಟು ಹಿಡಿಯದಿರಲೆಂದು, ಏಳೂವರೆ ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಬಿಸಿಯಿರುವಾಗಲೇ ಗಾಜಿನ ಬಾಟಲಿಗೆ ಎರಡು ಬೆರಳಿನಷ್ಟು ಸುರಿದು, ಆರಿದ ಮೇಲೆ ಒಂದೆರಡು ಹನಿ ಯೀಸ್ಟ್ ನೀರು ಬಿಟ್ಟು, ಬಾಯಿಗೆ ಹತ್ತಿ ತುರುಕಿದರೆ ಹಣ್ಣಿನ ನೊಣಗಳ ಊಟ ಸಿದ್ಧ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಎಂಬ ಈ ನೊಣಗಳ ತಳಿ ಸಂಗ್ರಹ ಕೇಂದ್ರವಿದೆ. ಅಲ್ಲಿನ ಸಂಶೋಧಕರು ದಶಕಗಳಿಂದ ನೊಣ ಸಾಕುತ್ತ ಬಂದಿರುವುದು ಈ ರವೆ-ಬೆಲ್ಲದ ಪಾಕದ ಮೇಲೆಯೇ. ಪಾಕ ಕುದಿಯುವಾಗ ಬಾಗಿಲ ಮುಂದೆ ಹಾದರೆ ಒಳಗೆ ಯಾರೋ ಹಬ್ಬಕ್ಕೆ ಸಜ್ಜಿಗೆ ಮಾಡುತ್ತಿದ್ದಾರೆ ಅನ್ನಿಸಬೇಕು, ಅಂಥ ಘಮ.

ಇಂಥದೊಂದು ಬಾಟಲಿಯಲ್ಲಿ ಹೆಣ್ಣು ನೊಣ ಇಟ್ಟ ಮೊಟ್ಟೆಯನ್ನು ಕುಂಚದ ತುದಿಯಿಂದ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಅರ್ಧ ಮಿಲಿಮೀಟರ್ ಉದ್ದ, ಅಂದರೆ ಗಸಗಸೆ ಕಾಳಿನ ಅರ್ಧದಷ್ಟು. ಅಕ್ಕಿಕಾಳಿನ ಆಕಾರ, ಬಿಳಿ ಬಣ್ಣ, ಮುಂದಿನ ತುದಿಯ ಹತ್ತಿರ ಎರಡು ಎಳೆ. ಫಲಿತವಾದ ಮೊಟ್ಟೆಯೊಳಗೆ ಹಳದಿ ತುಂಬಿದ ರಸ, ಅದರಲ್ಲಿ ಒಂದೇ ಒಂದು ಕೋಶಕೇಂದ್ರ. ಇಪ್ಪತ್ತೆರಡು-ಇಪ್ಪತ್ನಾಲ್ಕು ಗಂಟೆ ಕಳೆದರೆ ಅದೇ ಮೊಟ್ಟೆಯಿಂದ ಮರಿಹುಳು ಹೊರಗೆ ಬರುತ್ತದೆ. ಮುಂದೆ ಬಾಯಿ, ಹಿಂದೆ ಬಾಲ, ನಡುವೆ ಲೆಕ್ಕ ಹಾಕಿ ಕೊರೆದಂತೆ ಖಂಡ ಖಂಡವಾದ ಮೈ. ಮೊದಲ ಮೂರು ಗಂಟೆಗಳಲ್ಲೇ ಈ ಮೈಯ ಲೆಕ್ಕವೆಲ್ಲ ಮುಗಿದಿರುತ್ತದೆ. ಯಾವ ಕಡೆ ತಲೆ, ಯಾವ ಕಡೆ ಬಾಲ, ಎಲ್ಲಿಂದ ಎಲ್ಲಿಗೆ ಒಂದು ಖಂಡ ಎಂಬುದನ್ನೆಲ್ಲ ಮೊಟ್ಟೆ ತೀರ್ಮಾನಿಸಿಕೊಂಡಾಗಿರುತ್ತದೆ.

ಈ ತೀರ್ಮಾನ ಯಾರದು? ಒಂದು ಕೋಶಕೇಂದ್ರ ಎರಡಾಗಿ, ನಾಲ್ಕಾಗಿ, ಎಂಟಾಗಿ ಸಾವಿರಾರು ಆಗುತ್ತದೆ. ಪ್ರತಿಯೊಂದರಲ್ಲೂ ಇರುವ ಡಿಎನ್‌ಎ ಒಂದೇ. ಊರಿನ ಮನೆಮನೆಯಲ್ಲೂ ಒಂದೇ ಪಂಚಾಂಗ ತೂಗುಹಾಕಿದ ಹಾಗೆ. ಹಾಗಿದ್ದೂ ಮುಂದಿನ ತುದಿಯ ಕೋಶಕೇಂದ್ರ ತಲೆಯ ಪುಟ ತೆರೆಯುತ್ತದೆ, ಹಿಂದಿನದು ಬಾಲದ ಪುಟ ತೆರೆಯುತ್ತದೆ. ನಡುವೆ ಎಲ್ಲೋ ಇರುವ ಒಂದು ಕೋಶಕೇಂದ್ರಕ್ಕೆ ತಾನು ನಡುವಿನಲ್ಲಿದ್ದೇನೆ ಎಂದು ಹೇಳುವವರು ಯಾರು?

ನಮ್ಮ ಕೆರೆ ಬಯಲುಗಳಲ್ಲಿ ನೀರುಗಂಟಿ ಇರುತ್ತಿದ್ದ, ಕೆಲವು ಊರುಗಳಲ್ಲಿ ಈಗಲೂ ಇದ್ದಾನೆ. ಕೆರೆಯ ನೀರು ಎಲ್ಲರದು. ಆದರೆ ಯಾವ ತೂಬು, ಯಾವ ದಿನ, ಎಷ್ಟು ಹೊತ್ತು, ಯಾವ ಗದ್ದೆಗೆ ಎಂಬುದು ಅವನ ಕೈಯಲ್ಲಿ. ಜೀವಕೋಶದಲ್ಲಿ ಆ ಕೆಲಸ ಮಾಡುವ ಪ್ರೋಟೀನ್‌ಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ಜೀನ್ ಎಂದರೆ ಡಿಎನ್‌ಎಯಲ್ಲಿ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಪಾಠ. ಆ ಪಾಠ ಅಲ್ಲಿಯೇ ಇದ್ದರೆ ಏನೂ ಆಗುವುದಿಲ್ಲ. ಒಂದು ಕಿಣ್ವ ಬಂದು ಅದನ್ನು ಆರ್‌ಎನ್‌ಎಗೆ ನಕಲು ಮಾಡಿಕೊಳ್ಳಬೇಕು, ನಕಲು ಕೋಶಕೇಂದ್ರದಿಂದ ಹೊರಗೆ ಹೋಗಬೇಕು, ಅದನ್ನು ಓದಿ ಪ್ರೋಟೀನ್ ಕಟ್ಟಬೇಕು. ನಕಲು ಮಾಡುವ ಕಿಣ್ವಕ್ಕೆ ಯಾವ ಪಾಠ ಬೇಕು, ಯಾವುದು ಬೇಡ ಎಂಬ ಬುದ್ಧಿಯಿಲ್ಲ. ಜೀನಿನ ಅಕ್ಕಪಕ್ಕ, ಕೆಲವೊಮ್ಮೆ ಬಹಳ ದೂರದಲ್ಲಿ, ಡಿಎನ್‌ಎಯಲ್ಲೇ ಚಿಕ್ಕ ಚಿಕ್ಕ ಗುರುತುಗಳಿವೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಬಂದು ತನ್ನ ಗುರುತಿನ ಮೇಲೆ ಕೂರುತ್ತದೆ. ಕೆಲವು ಕೂತರೆ ತೂಬು ತೆರೆದಂತೆ, ಕೆಲವು ಕೂತರೆ ಮುಚ್ಚಿದಂತೆ.

ಜೀನಿಗೆ ಹೀಗೊಂದು ಕಾವಲು ಇದೆ ಎಂಬುದನ್ನು ಪ್ಯಾರಿಸ್ಸಿನಲ್ಲಿ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೋನೋ ಬ್ಯಾಕ್ಟೀರಿಯಾದಲ್ಲಿ ಕಂಡು 1961ರಲ್ಲಿ ಬರೆದರು. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಸಕ್ಕರೆ ಇದ್ದಾಗ ತೆರೆ, ಇಲ್ಲದಾಗ ಮುಚ್ಚು ಎಂಬಷ್ಟೇ ವ್ಯವಸ್ಥೆ. ಭ್ರೂಣದ ಪ್ರಶ್ನೆ ಅದಕ್ಕಿಂತ ಕಠಿಣ. ಏಕೆಂದರೆ ನೀರುಗಂಟಿಯೂ ಒಂದು ಪ್ರೋಟೀನ್, ಅವನನ್ನು ತಯಾರಿಸುವುದೂ ಒಂದು ಜೀನು. ಹಾಗಾದರೆ ಅವನ ತೂಬು ತೆರೆದವರು ಯಾರು? ಇನ್ನೊಬ್ಬ ನೀರುಗಂಟಿ. ಅವನದು? ಹೀಗೆ ಒಬ್ಬರ ಹಿಂದೆ ಒಬ್ಬರನ್ನು ಹುಡುಕುತ್ತ ಹೋದರೆ ಮೊಟ್ಟೆಯಿಂದಲೇ ಹೊರಬಿದ್ದು ತಾಯಿಯ ಹೊಟ್ಟೆ ಸೇರುತ್ತೇವೆ.

ಉತ್ತರ ಇರುವುದೂ ಅಲ್ಲಿಯೇ. ತಾಯಿ ನೊಣದ ಅಂಡಾಶಯದಲ್ಲಿ ಒಂದು ಕೋಶ ನಾಲ್ಕು ಸಲ ಒಡೆದು ಹದಿನಾರಾಗುತ್ತದೆ. ಅದರಲ್ಲಿ ಮೊಟ್ಟೆಯಾಗುವುದು ಒಂದೇ. ಉಳಿದ ಹದಿನೈದೂ ದಾದಿಯರು. ಮೊಟ್ಟೆಗೆ ಬೇಕಾದ ಆಹಾರ, ಸಲಕರಣೆ, ಆರ್‌ಎನ್‌ಎ ಎಲ್ಲವನ್ನೂ ತಯಾರಿಸಿ, ಸಣ್ಣ ಕಾಲುವೆಗಳ ಮೂಲಕ ಅದಕ್ಕೆ ಸುರಿದು, ಕೊನೆಗೆ ತಾವು ಸಾಯುತ್ತಾರೆ. ಅವರು ಸುರಿಯುವ ಸಾಮಗ್ರಿಯಲ್ಲಿ ಬೈಕಾಯ್ಡ್ ಎಂಬ ಜೀನಿನ ಆರ್‌ಎನ್‌ಎಯೂ ಒಂದು. ಅದು ಮೊಟ್ಟೆಯ ಮುಂದಿನ ತುದಿಗೆ ಸಾಗಿ ಅಲ್ಲೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಮೊಟ್ಟೆ ಇಟ್ಟ ಮೇಲೆ ಆ ಆರ್‌ಎನ್‌ಎಯಿಂದ ಪ್ರೋಟೀನ್ ತಯಾರಾಗತೊಡಗುತ್ತದೆ, ತಯಾರಾದದ್ದು ನಿಧಾನವಾಗಿ ಹಿಂದಕ್ಕೆ ಹರಡುತ್ತದೆ.

ಇಲ್ಲಿ ನೊಣದ ಭ್ರೂಣದ ಒಂದು ವಿಶೇಷ ಹೇಳಬೇಕು. ಮೊದಲ ಎರಡು ಗಂಟೆ ಅದರಲ್ಲಿ ಕೋಶಗಳೇ ಇರುವುದಿಲ್ಲ. ಕೋಶಕೇಂದ್ರಗಳು ಒಂದರ ಹಿಂದೆ ಒಂದು ಹದಿಮೂರು ಸಲ ಒಡೆಯುತ್ತವೆ. ಶುರುವಿನಲ್ಲಿ ಎಂಟೆಂಟು ನಿಮಿಷಕ್ಕೊಮ್ಮೆ, ಕೊನೆಕೊನೆಗೆ ಸ್ವಲ್ಪ ನಿಧಾನವಾಗಿ. ಆದರೆ ಅವುಗಳ ನಡುವೆ ಗೋಡೆ ಏಳುವುದಿಲ್ಲ. ಒಂದೇ ದೊಡ್ಡ ಹಜಾರದಲ್ಲಿ ಆರು ಸಾವಿರದಷ್ಟು ಜನ ಗೋಡೆಗೆ ಒರಗಿ ಸಾಲಾಗಿ ನಿಂತಂತೆ ಅವೆಲ್ಲ ಮೊಟ್ಟೆಯ ಮೇಲ್ಪದರಕ್ಕೆ ಬಂದು ನಿಲ್ಲುತ್ತವೆ. ಗೋಡೆಯಿಲ್ಲದ್ದರಿಂದ ಮುಂದಿನ ತುದಿಯಲ್ಲಿ ಹುಟ್ಟಿದ ಬೈಕಾಯ್ಡ್ ಅಡೆತಡೆಯಿಲ್ಲದೆ ಹಬ್ಬುತ್ತದೆ. ಮುಂದೆ ದಟ್ಟ, ಹಿಂದೆ ಹೋದಂತೆ ತೆಳು. ಸುಮಾರು 100 ಮೈಕ್ರೊಮೀಟರ್ ದೂರಕ್ಕೆ ಅದರ ಸಾಂದ್ರತೆ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ, ಇನ್ನೊಂದು 100ಕ್ಕೆ ಮತ್ತೆ ಅದರ ಮೂರನೇ ಒಂದಕ್ಕೆ. ಕಾಫಿ ಬೀಜ ಹುರಿಯುವ ಅಂಗಡಿಯಿರುವ ಬೀದಿಯಲ್ಲಿ ಕಣ್ಣು ಮುಚ್ಚಿ ನಡೆದರೂ ಅಂಗಡಿ ಎಷ್ಟು ದೂರವಿದೆಯೆಂದು ಮೂಗು ಹೇಳುತ್ತದಲ್ಲ, ಹಾಗೆ. ಪ್ರತಿ ಕೋಶಕೇಂದ್ರವೂ ತನ್ನ ಸುತ್ತ ಬೈಕಾಯ್ಡ್ ಎಷ್ಟಿದೆ ಎಂಬುದರ ಮೇಲೆ ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತದೆ.

ಇಷ್ಟು ಸರಳವಾದ ಮಾತು ಪುರಾವೆಯ ಮಟ್ಟಕ್ಕೆ ಬರಲು ಎಷ್ಟು ದುಡಿಮೆ ಬೇಕಾಯಿತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಟ್ ಮತ್ತು ಎರಿಕ್ ವೀಶೌಸ್ ಎಂಬ ಇಬ್ಬರು ಕಿರಿಯ ವಿಜ್ಞಾನಿಗಳು ನೊಣಗಳಿಗೆ ರಾಸಾಯನಿಕ ತಿನ್ನಿಸಿ, ಅವುಗಳ ಜೀನ್‌ಗಳನ್ನು ಅಲ್ಲೊಂದು ಇಲ್ಲೊಂದು ಕೆಡಿಸಿ, ಸಂತಾನದಲ್ಲಿ ಸತ್ತ ಭ್ರೂಣಗಳನ್ನು ಒಂದೊಂದಾಗಿ ನೋಡುತ್ತ ಕೂತರು. ಇಬ್ಬರೂ ಎದುರುಬದುರು ಕೂತು ಒಂದೇ ಭ್ರೂಣವನ್ನು ಏಕಕಾಲಕ್ಕೆ ನೋಡಬಹುದಾದ ಜೋಡಿ ಸೂಕ್ಷ್ಮದರ್ಶಕ ಅವರದು. ಹುಳುವಿನ ಹೊಟ್ಟೆಯ ಮೇಲೆ ಖಂಡಕ್ಕೊಂದು ಸಾಲಿನಂತೆ ಸಣ್ಣ ಹಲ್ಲುಗಳ ಪಟ್ಟಿ ಇರುತ್ತದೆ. ಯಾವ ಸಾಲು ಕಾಣೆಯಾಗಿದೆ, ಯಾವುದು ತಿರುಗಿ ಕೂತಿದೆ ಎಂದು ಇಬ್ಬರೂ ಒಪ್ಪಿದ ಮೇಲೆ ಮಾತ್ರ ಬರೆದುಕೊಳ್ಳುವುದು. ಹೀಗೆ ಸಾವಿರಾರು ತಳಿಗಳು. 1980ರಲ್ಲಿ ಪ್ರಕಟವಾದ ಅವರ ಲೇಖನ ಖಂಡಗಳ ಲೆಕ್ಕ ತಪ್ಪಿಸುವ 15 ಜೀನ್‌ಗಳನ್ನು ಮೂರು ಗುಂಪಾಗಿ ವಿಂಗಡಿಸಿತ್ತು. ಕೆಲವು ಕೆಟ್ಟರೆ ಮೈಯ ಒಂದು ದೊಡ್ಡ ತುಂಡೇ ಮಾಯ. ಕೆಲವು ಕೆಟ್ಟರೆ ಒಂದು ಬಿಟ್ಟು ಒಂದು ಖಂಡ ಮಾಯ. ಇನ್ನು ಕೆಲವು ಕೆಟ್ಟರೆ ಪ್ರತಿ ಖಂಡದ ಒಳಗಿನ ವ್ಯವಸ್ಥೆ ಅಸ್ತವ್ಯಸ್ತ. ಮೊದಲು ದೊಡ್ಡ ಪಾಲು, ಆಮೇಲೆ ಸಣ್ಣ ಪಾಲು ಎಂದು ಭ್ರೂಣ ಮೈಯನ್ನು ಹಂತಹಂತವಾಗಿ ಹಂಚುತ್ತದೆ ಎಂಬುದು ಆ ವಿಂಗಡಣೆಯಲ್ಲೇ ಕಂಡಿತು. 1995ರಲ್ಲಿ ಇವರಿಬ್ಬರಿಗೂ, ಇವರಿಗಿಂತ ಮೊದಲೇ ನೊಣದ ಅಂಗಾಂಗಗಳ ಜೀನ್‌ಗಳ ಮೇಲೆ ಕೆಲಸ ಮಾಡಿದ್ದ ಎಡ್ವರ್ಡ್ ಲೂಯಿಸ್ ಅವರಿಗೂ ನೊಬೆಲ್ ಬಂತು.

ಬೈಕಾಯ್ಡ್‌ನ ಕಥೆ ನಡೆದದ್ದು ಮುಂದೆ, ಟ್ಯೂಬಿಂಗೆನ್‌ನಲ್ಲಿ. ಈ ಜೀನ್ ಕೆಟ್ಟ ತಾಯಿ ನೊಣ ಇಟ್ಟ ಮೊಟ್ಟೆಗಳಲ್ಲಿ ತಲೆಯೂ ಇಲ್ಲ, ಎದೆಯೂ ಇಲ್ಲ. ತಲೆಯಿರಬೇಕಾದ ತುದಿಯಲ್ಲಿ ಬಾಲದ ತುಣುಕು. ಮರಿಯ ಸ್ವಂತ ಜೀನ್ ಸರಿಯಿದ್ದರೂ ಪ್ರಯೋಜನವಿಲ್ಲ, ತಾಯಿಯದು ಕೆಟ್ಟಿದ್ದರೆ ಮುಗಿಯಿತು. ಆರೋಗ್ಯವಂತ ಮೊಟ್ಟೆಯ ಮುಂದಿನ ತುದಿಯಿಂದ ಸೂಜಿಯಲ್ಲಿ ಒಂದಿಷ್ಟು ರಸ ಹೀರಿ, ಇಂಥ ಮೊಟ್ಟೆಯ ನಡುವಿಗೆ ಚುಚ್ಚಿದರೆ? ನಡುವಿನಲ್ಲಿ ತಲೆಯ ಭಾಗಗಳು ಮೂಡಿದವು. 1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್‌ಹಾರ್ಟ್ ಬೈಕಾಯ್ಡ್ ಪ್ರೋಟೀನಿಗೆ ಬಣ್ಣ ಹಚ್ಚಿ ಅದರ ಇಳಿಜಾರನ್ನು ಕಣ್ಣಿಗೇ ತೋರಿಸಿದರು. ತಾಯಿಗೆ ಆ ಜೀನಿನ ಪ್ರತಿಗಳನ್ನು ಎರಡರ ಬದಲು ಮೂರು, ನಾಲ್ಕು ಕೊಟ್ಟಾಗ ತಲೆ-ಎದೆಯ ನಡುವಿನ ಮಡಿಕೆ ಹಿಂದೆ ಹಿಂದೆ ಸರಿಯಿತು. ಒಂದೇ ಕೊಟ್ಟಾಗ ಮುಂದಕ್ಕೆ ಸರಿಯಿತು. ನನಗೆ ಇಡೀ ಜೀವವಿಜ್ಞಾನದಲ್ಲಿ ಇದಕ್ಕಿಂತ ನೇರವಾದ ಸಾಕ್ಷಿ ಗೊತ್ತಿಲ್ಲ. ಪ್ರಮಾಣ ಬದಲಿಸಿದರು, ಮೈಯ ಗಡಿ ಜರುಗಿತು.

ಇನ್ನು ಗುರುತಿನ ವಿಷಯ. ಬೈಕಾಯ್ಡ್‌ನಲ್ಲಿ ಹೋಮಿಯೊಡೊಮೈನ್ ಎಂಬ ಅರವತ್ತು ಅಮೈನೊ ಆಮ್ಲಗಳ ತುಂಡೊಂದಿದೆ. ಅದರಲ್ಲಿ ಮೂರು ಸುರುಳಿ, ಮೂರನೆಯದು ಡಿಎನ್‌ಎಯ ಹಿರಿಯ ಸಂದಿಯಲ್ಲಿ ಬೆರಳಿನಂತೆ ಇಳಿದು ಅಕ್ಷರಗಳನ್ನು ತಡವಿ ಓದುತ್ತದೆ. ಅದು ಹುಡುಕುವ ಗುರುತು ಆರಕ್ಷರದ್ದು: ಟಿ, ಎ, ಎ, ಟಿ, ಸಿ, ಸಿ. ಈ ತುಂಡಿನ ಐವತ್ತನೇ ಜಾಗದಲ್ಲಿರುವ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿದರೆ ಅದು ಬೇರೆ ಗುರುತನ್ನು ಹಿಡಿಯತೊಡಗುತ್ತದೆ, ಅಷ್ಟು ನಾಜೂಕು. ಈಗ ಲೆಕ್ಕ ಹಾಕಿ. ನಾಲ್ಕು ಅಕ್ಷರಗಳ ಭಾಷೆಯಲ್ಲಿ ಯಾವುದೇ ಆರಕ್ಷರದ ಪದ ಸರಾಸರಿ 4096 ಅಕ್ಷರಕ್ಕೊಮ್ಮೆ ಸುಮ್ಮನೆ ಸಿಕ್ಕೇ ಸಿಗುತ್ತದೆ. ಡಿಎನ್‌ಎಗೆ ಎರಡು ಎಳೆ ಇರುವುದರಿಂದ ಇನ್ನೂ ಬೇಗ. ನೊಣದ ಡಿಎನ್‌ಎ ಹದಿನೈದು ಕೋಟಿ ಅಕ್ಷರಗಳ ಆಸುಪಾಸಿನದು. ಅಂದರೆ ಬೈಕಾಯ್ಡ್‌ನ ಗುರುತು ಹತ್ತಾರು ಸಾವಿರ ಕಡೆ ಇದೆ. ಅದು ನಿಜವಾಗಿ ಕೆಲಸ ಮಾಡಬೇಕಾದ ಜಾಗಗಳು ಅದರಲ್ಲಿ ಒಂದು ಸಣ್ಣ ಪಾಲು. ಊರಿನಲ್ಲಿ ಹತ್ತು ಸಾವಿರ ಮನೆಗೆ ಒಂದೇ ಬಾಗಿಲ ಸಂಖ್ಯೆಯಿದ್ದರೆ ಅಂಚೆಯವರು ಕಾಗದ ಎಲ್ಲಿ ಕೊಡಬೇಕು?

ಇದಕ್ಕೆ ಭ್ರೂಣ ಎರಡು ದಾರಿ ಕಂಡುಕೊಂಡಿದೆ. ಮೊದಲನೆಯದು ಬಹುತೇಕ ಮನೆಗಳ ಬಾಗಿಲು ಮುಚ್ಚಿಡುವುದು. ಡಿಎನ್‌ಎ ಬರಿ ದಾರವಾಗಿ ಬಿದ್ದಿರುವುದಿಲ್ಲ. 147 ಅಕ್ಷರಗಳಷ್ಟು ಉದ್ದ ಒಂದೊಂದು ಹಿಸ್ಟೋನ್ ಉಂಡೆಗೆ ಸುತ್ತಿಕೊಂಡು, ಮಣಿ ಪೋಣಿಸಿದ ಸರವಾಗಿರುತ್ತದೆ. ಸುತ್ತಿದ ಭಾಗದ ಗುರುತನ್ನು ಓದುವುದು ಹೆಚ್ಚಿನ ಪ್ರೋಟೀನ್‌ಗಳಿಗೆ ಸಾಧ್ಯವಿಲ್ಲ. ಆದರೆ ಜೆಲ್ಡಾ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗೆ ಸಾಧ್ಯ. ಅದೂ ತಾಯಿ ಕೊಟ್ಟದ್ದೇ. ಜೆಲ್ಡಾ ಎಲ್ಲರಿಗಿಂತ ಮೊದಲು ಹೋಗಿ ತನ್ನ ಏಳಕ್ಷರದ ಗುರುತಿರುವ ಕಡೆಯೆಲ್ಲ ಕೂತು ಸರವನ್ನು ಸಡಿಲಿಸುತ್ತದೆ. ಎಂಟನೇ ವಿಭಜನೆಯ ಹೊತ್ತಿಗೆ, ಭ್ರೂಣದ ಸ್ವಂತ ಜೀನ್‌ಗಳು ಹೆಚ್ಚುಕಡಿಮೆ ಮೌನವಾಗಿರುವಾಗಲೇ, ಮುಂದೆ ತೆರೆಯಬೇಕಾದ ನೂರಾರು ಜಾಗಗಳಲ್ಲಿ ಅದು ಕೂತಿರುತ್ತದೆ. ಕಾಡು ಸವರಿ ದಾರಿ ಮಾಡುವವರ ಹಾಗೆ. ವಿಜ್ಞಾನಿಗಳೂ ಇಂಥವಕ್ಕೆ ಪಯೊನಿಯರ್ ಫ್ಯಾಕ್ಟರ್ ಎಂದೇ ಹೆಸರಿಟ್ಟಿದ್ದಾರೆ. ಎರಡನೇ ದಾರಿ, ಒಂದು ಗುರುತನ್ನು ನಂಬದಿರುವುದು. ಒಂದೇ ಕಡೆ ಹತ್ತಾರು ಗುರುತುಗಳು ಗುಂಪಾಗಿದ್ದು, ಅಲ್ಲಿ ಹಲವು ಪ್ರೋಟೀನ್‌ಗಳು ಒಟ್ಟಿಗೆ ಕೂತಾಗ ಮಾತ್ರ ಜೀನ್ ಕಿವಿಗೊಡುತ್ತದೆ. ಇಂಥ ಗುರುತುಗಳ ಗುಂಪಿಗೆ ಎನ್‌ಹಾನ್ಸರ್ ಎಂದು ಹೆಸರು.

ಇನ್ನು ನಾನು ತಲೆಬರಹದಲ್ಲಿ ಹೇಳಿದ ಪಟ್ಟೆಗೆ ಬರುತ್ತೇನೆ.

ಈವನ್-ಸ್ಕಿಪ್ಡ್ ಎಂಬ ಜೀನೊಂದಿದೆ. ಕೆಟ್ಟರೆ ಸಮಸಂಖ್ಯೆಯ ಖಂಡಗಳು ಬಿಟ್ಟುಹೋಗುತ್ತವೆ ಎಂದು ಆ ಹೆಸರು. ಮೂರನೇ ಗಂಟೆಯ ಹೊತ್ತಿಗೆ ಭ್ರೂಣವನ್ನು ತೆಗೆದು ಈ ಜೀನ್ ಎಲ್ಲೆಲ್ಲಿ ಎದ್ದಿದೆ ಎಂದು ಬಣ್ಣ ಹಾಕಿ ನೋಡಿದರೆ, ಮೊಟ್ಟೆಯ ಸುತ್ತ ಬಳೆ ತೊಡಿಸಿದಂತೆ ಏಳು ಪಟ್ಟೆ. ಒಂದೇ ಅಳತೆ, ಒಂದೇ ಅಂತರ. ಮೊದಲ ಸಲ ಈ ಚಿತ್ರ ನೋಡಿದವರು ಇದೊಂದು ಅಲೆ, ಎಲ್ಲ ಪಟ್ಟೆಗೂ ಒಂದೇ ಸೂತ್ರ ಎಂದುಕೊಳ್ಳುವುದು ಸಹಜ. ನಾನೂ ಹಾಗೆಯೇ ಎಂದುಕೊಂಡಿದ್ದೆ. ನಿಜ ಅದಲ್ಲ. ಏಳು ಪಟ್ಟೆಗೆ ಐದು ಬೇರೆ ಬೇರೆ ಎನ್‌ಹಾನ್ಸರ್‌ಗಳು ಜೀನಿನ ಹಿಂದೆ ಮುಂದೆ ಹರಡಿಕೊಂಡಿವೆ. ಎರಡನೇ ಪಟ್ಟೆಗೆ ಅದರದೇ ಒಂದು ಸ್ವಂತ ತುಂಡು. ಅಮೆರಿಕದಲ್ಲಿ ಮೈಕೆಲ್ ಲೆವಿನ್, ಸ್ಟೀಫನ್ ಸ್ಮಾಲ್ ಮತ್ತವರ ಸಂಗಡಿಗರು ತೊಂಬತ್ತರ ದಶಕದ ಆರಂಭದಲ್ಲಿ ಈ ತುಂಡನ್ನು ಕತ್ತರಿಸಿ ತೆಗೆದು, ಅದರ ಮುಂದೆ ನೀಲಿ ಬಣ್ಣ ತರಿಸುವ ಬ್ಯಾಕ್ಟೀರಿಯಾದ ಜೀನೊಂದನ್ನು ಜೋಡಿಸಿ ನೊಣಕ್ಕೆ ಸೇರಿಸಿದರು. ಭ್ರೂಣದ ಮೇಲೆ ಒಂದೇ ಒಂದು ನೀಲಿ ಬಳೆ ಬಂತು, ಎರಡನೇ ಪಟ್ಟೆ ಇರಬೇಕಾದ ಜಾಗದಲ್ಲೇ. ಐನೂರು ಅಕ್ಷರಕ್ಕೂ ಕಡಿಮೆ ಉದ್ದದ ತುಂಡು ಅದು, ಈ ಲೇಖನದ ಒಂದು ಪ್ಯಾರಾದಷ್ಟು.

ಆ ಪ್ಯಾರಾದಲ್ಲಿ ಬರೆದಿರುವುದೇನು? ನಾಲ್ಕು ಪ್ರೋಟೀನ್‌ಗಳ ಗುರುತುಗಳು, ಒಟ್ಟು ಒಂದು ಡಜನ್‌ನಷ್ಟು. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ತೂಬು ತೆರೆಯುವವರು. ಜಯಂಟ್ ಮತ್ತು ಕ್ರ್ಯೂಪೆಲ್ ಮುಚ್ಚುವವರು. ಇವರಲ್ಲಿ ಹಂಚ್‌ಬ್ಯಾಕ್‌ನ ಜೀನನ್ನು ಬೈಕಾಯ್ಡೇ ಎಬ್ಬಿಸಿದೆ, ಭ್ರೂಣದ ಮುಂದಿನ ಅರ್ಧದಲ್ಲಿ. ಜಯಂಟ್ ಮುಂಭಾಗದಲ್ಲಿ ಒಂದು ಅಗಲ ಪಟ್ಟಿಯಾಗಿ ನಿಂತಿದೆ, ಕ್ರ್ಯೂಪೆಲ್ ಮೊಟ್ಟೆಯ ನಡುವಿನಲ್ಲಿ ಇನ್ನೊಂದು ಪಟ್ಟಿಯಾಗಿ. ಈಗ ಒಂದೊಂದು ಕೋಶಕೇಂದ್ರದ ಹತ್ತಿರ ನಿಂತು ನೋಡಿ. ಮುಂದಿನ ತುದಿಯಿಂದ ನಾಲ್ಕನೇ ಒಂದರಷ್ಟು ದೂರದಲ್ಲಿರುವುದಕ್ಕೆ ಬೈಕಾಯ್ಡ್ ಧಾರಾಳ, ಹಂಚ್‌ಬ್ಯಾಕೂ ಇದೆ, ತೆರೆಯಲು ಅಡ್ಡಿಯಿಲ್ಲ. ಆದರೆ ಜಯಂಟ್ ಕೂತಿದೆ, ಆದ್ದರಿಂದ ಮುಚ್ಚಿದೆ. ನಟ್ಟನಡುವಿನದಕ್ಕೆ ಬೈಕಾಯ್ಡ್ ಕಡಿಮೆಯಾದರೂ ಇದೆ, ಆದರೆ ಕ್ರ್ಯೂಪೆಲ್ ಕೂತಿದೆ, ಅದೂ ಮುಚ್ಚಿದೆ. ಇವೆರಡರ ನಡುವೆ, ಜಯಂಟ್ ಮುಗಿದು ಕ್ರ್ಯೂಪೆಲ್ ಇನ್ನೂ ಶುರುವಾಗದ ಒಂದು ಇಕ್ಕಟ್ಟಾದ ಜಾಗವಿದೆ, ನಾಲ್ಕೈದು ಕೋಶಕೇಂದ್ರಗಳಷ್ಟು ಅಗಲ. ಅಲ್ಲಿ ತೆರೆಯುವವರು ಇಬ್ಬರೂ ಇದ್ದಾರೆ, ಮುಚ್ಚುವವರು ಇಬ್ಬರೂ ಇಲ್ಲ. ಅಲ್ಲಿ ಜೀನ್ ಏಳುತ್ತದೆ. ಅದೇ ಎರಡನೇ ಪಟ್ಟೆ.

ಇದನ್ನು ಪರೀಕ್ಷಿಸಿದ ರೀತಿಯೂ ಸೊಗಸು. ಜಯಂಟ್ ಇಲ್ಲದ ಭ್ರೂಣದಲ್ಲಿ ಪಟ್ಟೆ ಮುಂದಕ್ಕೆ ಚಾಚಿತು, ಕ್ರ್ಯೂಪೆಲ್ ಇಲ್ಲದ್ದರಲ್ಲಿ ಹಿಂದಕ್ಕೆ ಚಾಚಿತು. ಪ್ರೋಟೀನ್‌ಗಳನ್ನು ಮುಟ್ಟದೆ ಎನ್‌ಹಾನ್ಸರ್‌ನಲ್ಲಿರುವ ಜಯಂಟ್‌ನ ಗುರುತುಗಳನ್ನು ಮಾತ್ರ ಅಳಿಸಿದರೂ ಅದೇ ಫಲ. ಅಂದರೆ ಪಟ್ಟೆಯ ಮುಂದಿನ ಅಂಚು, ಹಿಂದಿನ ಅಂಚು, ಎರಡೂ ಆ ಒಂದು ಪ್ಯಾರಾದ ಅಕ್ಷರಗಳಲ್ಲೇ ಬರೆದಿವೆ.

ಜೀನ್‌ಗಳನ್ನು ಜೀವಿಯ ನೀಲನಕ್ಷೆ ಎಂದು ಕರೆಯುವುದು ನಮ್ಮ ಪತ್ರಿಕೆಗಳಲ್ಲೂ ಪಠ್ಯಪುಸ್ತಕಗಳಲ್ಲೂ ರೂಢಿಯಾಗಿದೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ, ಒಪ್ಪದಿರಲು ಎರಡನೇ ಪಟ್ಟೆಯೇ ಕಾರಣ. ನೀಲನಕ್ಷೆಯಲ್ಲಿ ಮನೆಯ ಚಿತ್ರವಿರುತ್ತದೆ, ಕೋಣೆ ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು. ನೊಣದ ಡಿಎನ್‌ಎಯನ್ನು ತುದಿಯಿಂದ ತುದಿಗೆ ಹುಡುಕಿದರೂ ಪಟ್ಟೆಯ ಚಿತ್ರ ಎಲ್ಲೂ ಸಿಗದು. ಸಿಗುವುದು ಒಂದು ಷರತ್ತು: ಇವರಿಬ್ಬರು ಇದ್ದು ಅವರಿಬ್ಬರು ಇಲ್ಲದಿದ್ದರೆ ತೆರೆ. ಆ ಷರತ್ತು ಆರು ಸಾವಿರ ಕೋಶಕೇಂದ್ರಗಳಲ್ಲೂ ಇದೆ. ಅದು ನಿಜವಾಗುವ ಜಾಗ ಮಾತ್ರ ಒಂದು ಬಳೆಯಷ್ಟು.

ಇನ್ನೂ ಒಂದು ವಿಚಿತ್ರವಿದೆ. ಡ್ರೊಸೊಫಿಲಾದ ಬೇರೆ ಬೇರೆ ಪ್ರಭೇದಗಳಲ್ಲಿ ಈ ತುಂಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಕ್ಷರಗಳು ಬಹಳಷ್ಟು ಬದಲಾಗಿವೆ. ಒಂದರಲ್ಲಿರುವ ಗುರುತು ಇನ್ನೊಂದರಲ್ಲಿಲ್ಲ, ಅಂತರಗಳೂ ಬೇರೆ. ಆದರೂ ಒಂದರ ತುಂಡನ್ನು ಇನ್ನೊಂದಕ್ಕೆ ಸೇರಿಸಿದರೆ ಪಟ್ಟೆ ಸರಿಯಾದ ಜಾಗದಲ್ಲೇ ಬರುತ್ತದೆ. ಮಾರ್ಟಿನ್ ಕ್ರೈಟ್‌ಮನ್ ಅವರ ತಂಡ ಎರಡು ಪ್ರಭೇದಗಳ ತುಂಡುಗಳನ್ನು ಅರ್ಧರ್ಧ ಕತ್ತರಿಸಿ ಬೆರೆಸಿ ಜೋಡಿಸಿತು. ಇಡಿಯಾಗಿ ಇದ್ದಾಗ ಚೆನ್ನಾಗಿ ಕೆಲಸ ಮಾಡುತ್ತಿದ್ದವು, ಬೆರೆಸಿದಾಗ ಪಟ್ಟೆ ಕೆಟ್ಟಿತು. ಫಲಿತಾಂಶ ಪ್ರಕಟವಾದದ್ದು 2000ರಲ್ಲಿ. ಕೋಟ್ಯಂತರ ವರ್ಷಗಳಲ್ಲಿ ಒಂದು ಕಡೆ ಸವೆದದ್ದನ್ನು ಇನ್ನೊಂದು ಕಡೆ ತುಂಬಿಕೊಳ್ಳುತ್ತ ಎರಡೂ ತಮ್ಮದೇ ದಾರಿಯಲ್ಲಿ ಪಟ್ಟೆಯನ್ನು ಕಾಪಾಡಿಕೊಂಡು ಬಂದಿವೆ. ಹಳೆಯ ಮನೆಗೆ ಒಂದು ಕಂಬ ಹೋದಾಗ ಬೇರೆ ಕಡೆ ಆನಿಕೆ ಕೊಟ್ಟುಕೊಂಡು ಮಾಡು ನಿಲ್ಲಿಸಿದ ಹಾಗೆ.

ಸಮಯದ ಮಾತನ್ನೂ ಹೇಳಬೇಕು. ನಕಲು ಮಾಡುವ ಕಿಣ್ವ ನಿಮಿಷಕ್ಕೆ ಒಂದೂವರೆಯಿಂದ ಎರಡೂವರೆ ಸಾವಿರ ಅಕ್ಷರ ಓದುತ್ತದೆ. ಕೋಶಕೇಂದ್ರ ಎಂಟು-ಹತ್ತು ನಿಮಿಷಕ್ಕೊಮ್ಮೆ ಒಡೆಯುತ್ತಿದ್ದರೆ ಉದ್ದನೆಯ ಜೀನನ್ನು ಓದಿ ಮುಗಿಸಲು ಪುರುಸೊತ್ತೇ ಇಲ್ಲ, ಒಡೆಯುವಾಗ ಅರ್ಧ ಬರೆದ ನಕಲು ಹರಿದುಹೋಗುತ್ತದೆ. ಆದ್ದರಿಂದ ಮೊದಲು ಏಳುವ ಜೀನ್‌ಗಳು ಸಾಮಾನ್ಯವಾಗಿ ಚಿಕ್ಕವು. ನಿರ್ಪ್ಸ್ ಎಂಬ ಜೀನಿಗೆ ಒಬ್ಬ ತಮ್ಮನಿದ್ದಾನೆ. ಹೆಚ್ಚುಕಡಿಮೆ ಅದೇ ಪ್ರೋಟೀನ್ ಮಾಡುತ್ತಾನೆ, ಅದೇ ಜಾಗದಲ್ಲಿ ಏಳುತ್ತಾನೆ, ಆದರೂ ಅಣ್ಣ ಕೆಟ್ಟಾಗ ಅವನ ಕೆಲಸ ಮಾಡಲಾರ. ಅಣ್ಣನ ಜೀನ್ ಮೂರು ಸಾವಿರ ಅಕ್ಷರದ್ದು. ತಮ್ಮನದು, ನಡುವೆ ಕತ್ತರಿಸಿ ಬಿಸಾಡಬೇಕಾದ ಭಾಗವೂ ಸೇರಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು. 1992ರಲ್ಲಿ ಹೆರ್ಬರ್ಟ್ ಯೆಕ್ಲೆ ಅವರ ತಂಡ ಆ ಭಾಗವನ್ನು ತೆಗೆದು ತಮ್ಮನನ್ನು ಗಿಡ್ಡಗೊಳಿಸಿ ನೊಣಕ್ಕೆ ಸೇರಿಸಿತು. ಅಣ್ಣನ ಕೆಲಸವನ್ನು ತಮ್ಮ ಮಾಡಿದ. ಕೊರತೆಯಿದ್ದದ್ದು ಅವನಲ್ಲಲ್ಲ, ಸಮಯದಲ್ಲಿ.

ನಿಖರತೆಯ ಲೆಕ್ಕ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮೊಟ್ಟೆಯ ಉದ್ದಕ್ಕೆ ನೂರರಷ್ಟು ಕೋಶಕೇಂದ್ರಗಳ ಸಾಲು. ಅಕ್ಕಪಕ್ಕದ ಎರಡರ ನಡುವೆ ಬೈಕಾಯ್ಡ್‌ನ ವ್ಯತ್ಯಾಸ ಶೇ 10ರಷ್ಟು ಮಾತ್ರ. ಪ್ರಿನ್ಸ್‌ಟನ್‌ನಲ್ಲಿ ಥಾಮಸ್ ಗ್ರೆಗೊರ್, ಭೌತವಿಜ್ಞಾನಿ ವಿಲಿಯಂ ಬಿಯಾಲೆಕ್, ಹಿಂದೆ ಹೈಡೆಲ್‌ಬರ್ಗ್‌ನಲ್ಲಿದ್ದ ಅದೇ ವೀಶೌಸ್ ಸೇರಿ 2007ರಲ್ಲಿ ಅಳೆದು ತೋರಿಸಿದಂತೆ, ಕೋಶಕೇಂದ್ರಗಳು ಆ ಶೇ 10ರ ವ್ಯತ್ಯಾಸವನ್ನು ಗುರುತಿಸಬಲ್ಲವು. ಜೀವಂತ ಭ್ರೂಣದಲ್ಲಿ ನಕಲಾಗುತ್ತಿರುವ ಜೀನ್ ಮಿನುಗುವ ಹಾಗೆ ಮಾಡಿ ಚಿತ್ರೀಕರಿಸುವ ವಿಧಾನ ಈಗಿದೆ. ನೋಡಿದರೆ ಅದು ದೀಪದಂತೆ ಒಂದೇ ಸಮ ಉರಿಯುವುದಿಲ್ಲ, ಮಿಂಚುಹುಳುವಿನಂತೆ ಹೊತ್ತಿ ಆರುತ್ತಿರುತ್ತದೆ. ಬೈಕಾಯ್ಡ್‌ನ ಒಂದೊಂದು ಅಣು ತನ್ನ ಗುರುತಿನ ಮೇಲೆ ಒಂದು ಸೆಕೆಂಡಿನ ಆಸುಪಾಸು ಕೂತು ಎದ್ದುಹೋಗುತ್ತದೆ. ಇಂಥ ಚಂಚಲರಿಂದ ಅಂಥ ನೆಟ್ಟಗಿನ ಗೆರೆ ಹೇಗೆ ಬರುತ್ತದೆ ಎಂಬುದರ ಮೇಲೆ ಇವತ್ತಿಗೂ ಪ್ರಯೋಗಾಲಯಗಳು ದುಡಿಯುತ್ತಿವೆ.

ನಮ್ಮ ಕಥೆ ಬೇರೆ ದಾರಿಯಲ್ಲಿ ಸಾಗುತ್ತದೆ. ಮನುಷ್ಯರಲ್ಲಿ ಬೈಕಾಯ್ಡ್ ಇಲ್ಲ. ಕೀಟಗಳಲ್ಲೇ ಅದು ನೊಣದ ಬಳಗ ಬಿಟ್ಟರೆ ಬೇರೆಯವಕ್ಕಿಲ್ಲ. ನಮ್ಮ ಭ್ರೂಣಕ್ಕೆ ಅಂಥ ಅವಸರವೂ ಇಲ್ಲ. ಮೂರನೇ ದಿನ, ನಾಲ್ಕರಿಂದ ಎಂಟು ಕೋಶಗಳಿರುವಾಗ, ತಾಯಿಯ ಆರ್‌ಎನ್‌ಎಯ ಬುತ್ತಿ ಕರಗಿ ಮಗುವಿನ ಸ್ವಂತ ಜೀನ್‌ಗಳು ದೊಡ್ಡ ಪ್ರಮಾಣದಲ್ಲಿ ಏಳುತ್ತವೆ. ಐವಿಎಫ್ ಚಿಕಿತ್ಸೆ ಪಡೆದ ದಂಪತಿಗಳಿಗೆ ಮೂರನೇ ದಿನದ ಭ್ರೂಣ, ಐದನೇ ದಿನದ ಬ್ಲಾಸ್ಟೊಸಿಸ್ಟ್ ಎಂಬ ಮಾತು ಚೆನ್ನಾಗಿ ಗೊತ್ತು. ಆ ಎರಡು ದಿನಗಳ ನಡುವೆ ಕೋಶಗಳ ಉಂಡೆ ಮೊದಲ ಪಾಲು ಮಾಡಿಕೊಳ್ಳುತ್ತದೆ: ಹೊರಗಿನವು ಮಾಸು ಕಟ್ಟಲು, ಒಳಗಿನವು ಮಗುವಾಗಲು. ಇಲಿಯ ಭ್ರೂಣದಲ್ಲಿ ಈ ಪಾಲಿನ ಲೆಕ್ಕ ಸ್ಪಷ್ಟವಾಗಿ ತಿಳಿದಿದೆ. ಹೊರಗಿನ ಕೋಶಗಳಲ್ಲಿ ಸಿಡಿಎಕ್ಸ್2, ಒಳಗಿನವುಗಳಲ್ಲಿ ಆಕ್ಟ್4 ಮತ್ತು ನ್ಯಾನಾಗ್ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು ಮೇಲುಗೈ ಪಡೆಯುತ್ತವೆ. ಸಿಡಿಎಕ್ಸ್2 ಮತ್ತು ಆಕ್ಟ್4 ಒಂದು ಇನ್ನೊಂದರ ತೂಬು ಮುಚ್ಚುತ್ತವೆ, ಹೀಗಾಗಿ ನಡುವೆ ನಿಲ್ಲಲು ಜಾಗವಿಲ್ಲ. ಇಲಿಗೆ ಹೇಳಿದ್ದೆಲ್ಲ ನಮಗೆ ಹಾಗೆಯೇ ಅನ್ವಯಿಸುವುದಿಲ್ಲ. ಲಂಡನ್ನಿನಲ್ಲಿ ಕ್ಯಾಥಿ ನಿಯಾಕನ್ ಅವರ ತಂಡ 2017ರಲ್ಲಿ, ದಾನವಾಗಿ ಬಂದ ಮಾನವ ಭ್ರೂಣಗಳಲ್ಲಿ ಆಕ್ಟ್4 ಜೀನನ್ನು ಕೆಡಿಸಿದಾಗ ಅವು ಸರಿಯಾದ ಬ್ಲಾಸ್ಟೊಸಿಸ್ಟ್ ಆಗಲೇ ಇಲ್ಲ. ಇಲಿಯಲ್ಲಿ ಆ ಹಂತದವರೆಗೆ ಬರುತ್ತವೆ.

ಮನುಷ್ಯನ ಇಪ್ಪತ್ತು ಸಾವಿರದಷ್ಟು ಜೀನ್‌ಗಳಲ್ಲಿ ಸುಮಾರು 1600 ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳವು. ಇವುಗಳ ಬಲ ಎಷ್ಟೆಂಬುದಕ್ಕೆ ಶಿನ್ಯಾ ಯಮನಾಕ ಅವರ 2006ರ ಪ್ರಯೋಗವೊಂದು ಸಾಕು. ಇಲಿಯ ಚರ್ಮದ ಭಾಗದಿಂದ ತೆಗೆದ ಕೋಶಗಳಿಗೆ ಕೇವಲ ನಾಲ್ಕು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳನ್ನು ಸೇರಿಸಿದಾಗ ಅವುಗಳಲ್ಲಿ ಕೆಲವು ತಮ್ಮ ಕಸುಬು ಮರೆತು ಭ್ರೂಣದ ಕೋಶಗಳ ಸ್ಥಿತಿಗೆ ಮರಳಿದವು. ಕೋಶದ ಸ್ವಂತ ಜೀನ್ ಯಾವುದನ್ನೂ ತಿದ್ದಬೇಕಾಗಲಿಲ್ಲ. ಪಂಚಾಂಗ ಅದೇ ಇತ್ತು, ಬೇರೆ ಪುಟ ತೆರೆಯಿತು.

ಮತ್ತೆ ಆ ಮೊಟ್ಟೆಗೆ ಬನ್ನಿ. ಹದಿಮೂರನೇ ವಿಭಜನೆ ಮುಗಿದು ಒಂದು ಗಂಟೆಯಷ್ಟು ವಿರಾಮ. ಈಗ ಮೇಲಿನಿಂದ ಪೊರೆ ಇಳಿದು ಪ್ರತಿ ಕೋಶಕೇಂದ್ರದ ಸುತ್ತ ಗೋಡೆ ಏಳುತ್ತದೆ. ಗೋಡೆ ಏಳುವ ಹೊತ್ತಿಗೆ ಬೈಕಾಯ್ಡ್ ಬೇಗ ಬೇಗ ಕರಗತೊಡಗುತ್ತದೆ. ತಾಯಿ ಕಟ್ಟಿಕೊಟ್ಟ ಸುದ್ದಿ ತಲುಪಿಯಾಗಿದೆ. ಏಳು ಪಟ್ಟೆಗಳು ಸ್ವಲ್ಪ ಹೊತ್ತು ಚೂಪಾಗಿ ನಿಂತು, ತಮ್ಮ ಕೆಳಗಿನ ಇನ್ನೊಂದು ಜೀನನ್ನು, ಎನ್‌ಗ್ರೇಲ್ಡ್ ಎಂಬುದನ್ನು, ಹದಿನಾಲ್ಕು ಕಿರಿದಾದ ಗೆರೆಗಳಲ್ಲಿ ಎಬ್ಬಿಸಿ ತಾವು ಮಾಸುತ್ತವೆ. ಎನ್‌ಗ್ರೇಲ್ಡ್ ಮಾಸುವುದಿಲ್ಲ, ನೊಣದ ಆಯುಷ್ಯವಿಡೀ ಖಂಡಗಳ ಗಡಿ ಕಾಯುತ್ತದೆ. ಎರಡನೇ ಪಟ್ಟೆ ಮೂಡಿದ್ದ ಜಾಗದಲ್ಲಿ ತಲೆಯ ಕೊನೆಯ ಖಂಡವೂ ಎದೆಯ ಮೊದಲ ಖಂಡವೂ ಸೇರುತ್ತವೆ.

ಹತ್ತು ದಿನಕ್ಕೆ ಅದೇ ಬಾಟಲಿಯಲ್ಲಿ ನೊಣ ಹೊರಬರುತ್ತದೆ. ರೆಕ್ಕೆ ಇನ್ನೂ ಮುದುಡಿರುತ್ತದೆ, ಮೈ ಮಾಸಲು ಬಿಳಿ. ರವೆ-ಬೆಲ್ಲದ ಮೇಲೆ ನಿಂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಮುಂಗಾಲೆರಡನ್ನೂ ಎತ್ತಿ ಒಂದಕ್ಕೊಂದು ಉಜ್ಜಿ, ಕುತ್ತಿಗೆ ಬಾಗಿಸಿ ಕೆಂಪು ಕಣ್ಣುಗಳನ್ನು ಒರೆಸಿಕೊಳ್ಳುತ್ತದೆ.